ದೇವರು ಒಬ್ಬನೇ: ತಂದೆ, ಮಗ, ಪವಿತ್ರಾತ್ಮ ಎಂಬ ನಾಮವನ್ನು ಕುರಿತ ಪಾಠ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ ೬:೪-೯, ಮತ್ತಾಯ ೩:೧೩-೧೭ ಮತ್ತು ೨೮:೧೬-೨೦, ಯೋಹಾನ ೧೭ನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳು ೨:೩೬-೪೧ ಮತ್ತು ೧೯:೧-೬.



ಈ ತಿಂಗಳ ಪಾಠಕ್ಕೆ ನಾವು ಆರಿಸಿಕೊಂಡ ವಿಷಯವು ಕಠಿಣವಾದದ್ದು. ಇದನ್ನು ಪಂಡಿತರಿಗೆ ಬಿಟ್ಟುಬಿಡಬಹುದಾಗಿತ್ತಲ್ಲಾ ಎಂದು ಕೆಲವರು ಅಂದುಕೊಂಡಾರು. ಆದರೆ ಪ್ರಶ್ನೆಯು ನಮ್ಮ ಹಳ್ಳಿಯ ಮನೆಗಳೊಳಕ್ಕೇ ಬಂದಿರುವದರಿಂದ ಸುಮ್ಮನಿರಲಾರೆವು. ನಮ್ಮ ಸಭೆಗಳ ಯೌವನಸ್ಥರಲ್ಲಿ ಅನೇಕರು ಜೀವನೋಪಾಯಕ್ಕಾಗಿ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಹೋಗಿದ್ದಾರೆ. ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಯುವವರೂ, ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುವವರೂ, ಬಿ.ಟಿ.ಎಂ. ಬಡಾವಣೆಯ ಸಣ್ಣ ಕೊಠಡಿಗಳಲ್ಲಿ ನಾಲ್ಕೈದು ಮಂದಿ ಕೂಡಿ ವಾಸಿಸುವವರೂ ಇದ್ದಾರೆ.

ಇವರು ಹಬ್ಬಕ್ಕೆ ಊರಿಗೆ ಬರುವಾಗ ಬಟ್ಟೆಬರೆಗಳ ಸಂಗಡ ಹೊಸ ಪ್ರಶ್ನೆಗಳನ್ನೂ ತರುತ್ತಾರೆ. ಒಬ್ಬನನ್ನು ಅವನ ಜೊತೆಕೆಲಸದವನು, ನಿಮಗೆ ದೇವರು ಮೂವರಂತೆ, ತ್ರಿಮೂರ್ತಿಗಳ ಹಾಗೆಯೋ ಎಂದು ಕೇಳಿದನು. ಒಬ್ಬಳ ಬಾಗಿಲಿಗೆ ಪುಸ್ತಕ ಹಿಡಿದು ಬಂದ ಇಬ್ಬರು, ಯೇಸುವು ದೇವರು ಸೃಷ್ಟಿಸಿದವರಲ್ಲಿ ಮೊದಲನೆಯವನೇ ಹೊರತು ಸರ್ವಶಕ್ತನಾದ ದೇವರಲ್ಲವೆಂದು ತಿಳಿಸಿದರು. ಮತ್ತೊಬ್ಬನಿಗೆ ಮಹಡಿಯ ಮೇಲಣ ಒಂದು ಪ್ರಾರ್ಥನಾ ಕೂಟದಲ್ಲಿ, ತಂದೆ, ಮಗ, ಪವಿತ್ರಾತ್ಮ ಎಂಬವರು ಮೂವರಲ್ಲ, ಯೇಸು ಒಬ್ಬನೇ. ಮೂರು ನಾಮಗಳನ್ನು ಹೇಳಿ ಕೊಟ್ಟ ಸ್ನಾನವು ಸ್ನಾನವಲ್ಲ. ಯೇಸುವಿನ ಹೆಸರಿನಲ್ಲಿ ತಿರಿಗಿ ಮುಳುಗಬೇಕು ಎಂದು ಹೇಳಲು, ಅವನು ಹಾಗೆಯೇ ಮಾಡಿಸಿಕೊಂಡನು.

ಅವನ ತಾಯಿಯು ನಮ್ಮ ಬಳಿಗೆ ಬಂದಳು. ಮಗನು ಪ್ರಾರ್ಥನೆಯಲ್ಲಿ ಬೆಳೆದಿದ್ದಾನೆ, ಕುಡಿಯುವದನ್ನು ಬಿಟ್ಟಿದ್ದಾನೆ, ಅದಕ್ಕಾಗಿ ಸ್ತೋತ್ರ ಎಂದಳು. ಅನಂತರ ಕಣ್ಣೀರು ತುಂಬಿಕೊಂಡು, “ಅಯ್ಯಾ, ನನ್ನ ಅತ್ತೆಯು ನಮ್ಮ ಕೇರಿಯಲ್ಲಿ ಮೊದಲು ಸ್ನಾನ ಹೊಂದಿದವಳು. ಊರವರು ಬಾವಿಯ ನೀರನ್ನು ತಡೆದರೂ ಆ ನಾಮವನ್ನು ಬಿಡಲಿಲ್ಲ. ಆ ಸ್ನಾನವು ಸುಳ್ಳಾದರೆ ಆಕೆ ಈಗ ಎಲ್ಲಿದ್ದಾಳೆ?” ಎಂದು ಕೇಳಿದಳು. ಆ ತಾಯಿಯನ್ನು ಎದುರಿಗೆ ಕೂಡ್ರಿಸಿಕೊಂಡವರಂತೆ ನಾವು ಈ ಪಾಠವನ್ನು ಬರೆಯುತ್ತೇವೆ.

೧. ಮೊದಲನೆಯ ಮಾತು: ದೇವರು ಒಬ್ಬನೇ

ಯಾರೇನೇ ಅಂದರೂ ನಮ್ಮ ಮೊದಲನೆಯ ಉತ್ತರವು ಇದೇ. ಮೋಶೆಯು ಇಸ್ರಾಯೇಲ್ಯರಿಗೆ ದೇವರು ಒಬ್ಬನೇ ಎಂದು ಬೋಧಿಸಿದನು. ಆಜ್ಞೆಗಳಲ್ಲಿ ಯಾವದು ಮುಖ್ಯವೆಂದು ಶಾಸ್ತ್ರಿಯೊಬ್ಬನು ಕೇಳಿದಾಗ ನಮ್ಮ ಕರ್ತನು ಆ ಮಾತನ್ನೇ ಎತ್ತಿ ಹೇಳಿದನು (ಮಾರ್ಕ ೧೨:೨೯). ವಿಗ್ರಹಗಳ ನಡುವೆ ವಾಸಿಸುತ್ತಿದ್ದ ಕೊರಿಂಥದವರಿಗೆ ಪೌಲನೂ ಅದನ್ನೇ ಬರೆದನು (೧ ಕೊರಿಂಥ ೮:೪-೬). ಆದಕಾರಣ ಕ್ರೈಸ್ತರಿಗೆ ಮೂವರು ದೇವರೆಂದು ನೆರೆಯವನು ಹೇಳಿದರೆ, ಅದು ನಮ್ಮ ನಂಬಿಕೆಯಲ್ಲವೆಂದು ಸಂಕೋಚವಿಲ್ಲದೆ ಹೇಳಿರಿ.

ತ್ರಿಮೂರ್ತಿಗಳ ಹೋಲಿಕೆಯೂ ಸರಿಬೀಳುವದಿಲ್ಲ. ಜನರು ಸಾಮಾನ್ಯವಾಗಿ ಹೇಳುವಂತೆ ಬ್ರಹ್ಮನಿಗೆ ಸೃಷ್ಟಿ, ವಿಷ್ಣುವಿಗೆ ಸ್ಥಿತಿ, ಮಹೇಶ್ವರನಿಗೆ ಲಯ ಎಂದು ಕೆಲಸವು ಹಂಚಿಹೋಗಿದೆ. ಸತ್ಯವೇದದಲ್ಲಿ ಅಂಥ ಪಾಲುಪಟ್ಟಿಯಿಲ್ಲ. ಸೃಷ್ಟಿಯು ತಂದೆಯಿಂದ, ಮಗನ ಮೂಲಕ, ಆತ್ಮನು ನೀರಿನ ಮೇಲೆ ಚಲಿಸುತ್ತಿರುವಲ್ಲಿ ಆಯಿತು. ರಕ್ಷಣೆಯೂ ತಂದೆಯಿಂದ, ಮಗನ ಮೂಲಕ, ಆತ್ಮನಲ್ಲಿ ಆಗುತ್ತದೆ. ಕೆಲಸವು ಒಂದೇ, ಚಿತ್ತವು ಒಂದೇ, ದೇವರು ಒಬ್ಬನೇ. ಇದನ್ನು ನೆರೆಯವನಿಗೆ ತಿಳಿಸುವಾಗ ಅವನು ಪೂಜಿಸುವದನ್ನು ಹಳಿಯಬಾರದು. ನಮ್ಮದು ಏನೆಂದು ಹೇಳಿದರೆ ಸಾಕು.

ನಮ್ಮ ಕನ್ನಡದಲ್ಲಿ ಒಂದು ವಿಶೇಷವನ್ನು ನೋಡಿರಿ. ದೇವರು ಎಂಬ ಪದದ ರೂಪವು ಬಹುವಚನ. ಆದರೂ ನಮ್ಮ ಹಳೆಯ ಸತ್ಯವೇದದಲ್ಲಿ ಅದರ ಸಂಗಡ ಬರುವ ಕ್ರಿಯಾಪದವು ಏಕವಚನ. ಇಬ್ರಿಯ ಭಾಷೆಯ ಎಲೋಹೀಮ್ ಎಂಬ ಪದವೂ ಹಾಗೆಯೇ. ಇದನ್ನು ಹಿಡಿದುಕೊಂಡು ತ್ರಿಯೇಕತ್ವವು ಸಿದ್ಧವಾಯಿತೆಂದು ಸಾರುವ ಬೋಧಕರುಂಟು. ಹಾಗೆ ಮಾಡಬೇಡಿರಿ. ಕನ್ನಡದಲ್ಲಿ ಅದು ಗೌರವದ ಬಹುವಚನ. ಇಬ್ರಿಯದಲ್ಲಿಯೂ ಘನತೆಯನ್ನು ತೋರಿಸುವದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವ್ಯಾಕರಣದ ತಳಪಾಯದ ಮೇಲೆ ನಂಬಿಕೆಯ ಮನೆ ನಿಲ್ಲದು.

೨. ಹೀಗಿರಲಾಗಿ ಮೂರು ನಾಮಗಳು ಎಲ್ಲಿಂದ ಬಂದವು?

ಅವು ಲೆಕ್ಕದಿಂದ ಬಂದವುಗಳಲ್ಲ, ನಡೆದ ಸಂಗತಿಯಿಂದ ಬಂದವುಗಳು. ಮೊದಲಿನ ಶಿಷ್ಯರೆಲ್ಲರೂ ಯೆಹೂದ್ಯರು. ದೇವರು ಒಬ್ಬನೇ ಎಂಬ ಮಾತನ್ನು ತಾಯಿಯ ಮಡಿಲಲ್ಲಿ ಕಲಿತವರು. ಇಂಥವರು ಯೇಸುವಿನ ಸಂಗಡ ನಡೆದರು. ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಆತನಲ್ಲಿ ಕಂಡರು; ಆತನು ಸತ್ತು ಎದ್ದದ್ದನ್ನು ಕಂಡರು; ಪಂಚಾಶತ್ತಮದ ದಿನದಲ್ಲಿ ಆತ್ಮನು ತಮ್ಮೊಳಗೆ ಬಂದದ್ದನ್ನು ಅನುಭವಿಸಿದರು. ಇವೆಲ್ಲವೂ ಒಬ್ಬನೇ ದೇವರ ಕೆಲಸವೆಂದು ಅವರಿಗೆ ತಿಳಿದಿತ್ತು. ಆದರೂ ಯೊರ್ದನಿನಲ್ಲಿ ಮಗನು ನೀರಿನಿಂದ ಏಳುತ್ತಾನೆ, ಆತ್ಮನು ಇಳಿಯುತ್ತಾನೆ, ತಂದೆಯು ಪರಲೋಕದಿಂದ ಮಾತಾಡುತ್ತಾನೆ. ಒಬ್ಬನೇ ದೇವರೆಂಬದನ್ನೂ ಬಿಡಲಾರದೆ, ಕಂಡದ್ದನ್ನೂ ಮರೆಮಾಡಲಾರದೆ, ಸಭೆಯು ಎರಡನ್ನೂ ಕೂಡಿಸಿ ಅರಿಕೆಮಾಡಿತು.

ತ್ರಿಯೇಕತ್ವ ಎಂಬ ಪದವು ಸತ್ಯವೇದದಲ್ಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಬೇಕಾದದ್ದಿಲ್ಲ. ಅದಕ್ಕೆ ಸಮಾನವಾದ ಲತೀನ್ ಪದವನ್ನು ಮೂರನೆಯ ಶತಮಾನದ ಆರಂಭದಲ್ಲಿ ಆಫ್ರಿಕದ ಕಾರ್ಥೇಜಿನ ತೆರ್ತುಲ್ಯನನು ಬಳಕೆಗೆ ತಂದನು. ಹಾಗೆಯೇ ೧ ಯೋಹಾನ ೫:೭ರಲ್ಲಿ ಪರಲೋಕದ ಮೂವರು ಸಾಕ್ಷಿಗಳೆಂಬ ಮಾತು ಕೆಲವು ಹಳೆಯ ಭಾಷಾಂತರಗಳಲ್ಲಿದೆ. ಅದು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಎರಾಸ್ಮನು ತನ್ನ ಗ್ರೀಕ್ ಹೊಸ ಒಡಂಬಡಿಕೆಯ ೧೫೧೬ರ ಮತ್ತು ೧೫೧೯ರ ಮುದ್ರಣಗಳಲ್ಲಿ ಅದನ್ನು ಬಿಟ್ಟು ೧೫೨೨ರಲ್ಲಿ ಸೇರಿಸಿದನು. ಈಚಿನ ಪರಿಷ್ಕೃತ ಭಾಷಾಂತರಗಳು ತಿರಿಗಿ ಬಿಟ್ಟಿವೆ. ವಾದದಲ್ಲಿ ಆ ವಚನವನ್ನು ಊರುಗೋಲಾಗಿ ಮಾಡಿಕೊಳ್ಳಬೇಡಿರಿ. ಮುರಿದು ಕೈಗೆ ಚುಚ್ಚೀತು.

ಇನ್ನೊಂದು ಎಚ್ಚರಿಕೆ. ಒಬ್ಬ ದೇವರಲ್ಲಿ ಮೂವರು ವ್ಯಕ್ತಿಗಳು ಎಂದು ಉಪದೇಶದ ಪುಸ್ತಕಗಳಲ್ಲಿ ಕಲಿತಿದ್ದೇವೆ. ಕನ್ನಡದಲ್ಲಿ ವ್ಯಕ್ತಿ ಎಂದೊಡನೆ ಜಗಲಿಯ ಮೇಲೆ ಕುಳಿತ ಮೂವರು ಮನುಷ್ಯರು ಮನಸ್ಸಿಗೆ ಬರುತ್ತಾರೆ. ಹಿಂದಿನ ಸಭಾಪಿತೃಗಳ ಅರ್ಥವು ಅದಲ್ಲ. ಒಂದೇ ದೈವತ್ವದಲ್ಲಿ ತಂದೆಯು ಮಗನಲ್ಲ, ಮಗನು ಆತ್ಮನಲ್ಲ, ಆದರೂ ಅವರಲ್ಲಿ ಬೇರೆ ಬೇರೆ ದೈವತ್ವವಿಲ್ಲ ಎಂಬಷ್ಟನ್ನು ಕಾಯುವದಕ್ಕೆ ಅವರಿಗೆ ಒಂದು ಪದ ಬೇಕಾಗಿತ್ತು. ಪದವು ಬೇಲಿ; ಬೆಳೆಯು ಬೇರೆ.

೩. ದಾರಿಯ ಎರಡು ಮಗ್ಗುಲಿನ ಹಳ್ಳಗಳು

ಬಿ.ಟಿ.ಎಂ. ಬಡಾವಣೆಯಲ್ಲಿ ಕೇಳಿದ ಈ ಬೋಧನೆಗಳು ಹೊಸವಲ್ಲ. ಮೂರನೆಯ ಶತಮಾನದಲ್ಲಿ ರೋಮಾಪುರದ ಸಾಬೆಲ್ಯನ ಕಡೆಯವರು, ಒಬ್ಬನೇ ದೇವರು ತಂದೆಯಾಗಿಯೂ ಮಗನಾಗಿಯೂ ಆತ್ಮನಾಗಿಯೂ ತೋರಿಬರುತ್ತಾನೆ, ಒಳಗೆ ಯಾವ ಭೇದವೂ ಇಲ್ಲ ಎಂದರು. ನಮ್ಮ ಬಯಲಾಟದಲ್ಲಿ ಒಬ್ಬನೇ ವೇಷಗಾರನು ಸಂಜೆ ರಾಜನಾಗಿಯೂ ನಡುರಾತ್ರಿ ಋಷಿಯಾಗಿಯೂ ಬೆಳಗಿನ ಜಾವ ಸೇವಕನಾಗಿಯೂ ಬರುವಂತೆ ಇದು. ಈ ಕಾಲದಲ್ಲಿ ಇದಕ್ಕೆ ಹತ್ತಿರವಾದ ಬೋಧನೆಯು ಅಮೇರಿಕದಲ್ಲಿ ಹುಟ್ಟಿತು. ೧೯೧೩ರಲ್ಲಿ ಲಾಸ್ ಏಂಜಲೀಸಿನ ಬಳಿ ಕೂಡಿದ ಪೆಂತೆಕೊಸ್ತರ ಶಿಬಿರದಲ್ಲಿ, ಅಪೊಸ್ತಲರು ಯೇಸುವಿನ ಹೆಸರಿನಲ್ಲಿಯೇ ಸ್ನಾನ ಕೊಟ್ಟರೆಂದು ಮಕ್‌ಅಲಿಸ್ಟರ್ ಎಂಬ ಬೋಧಕನು ಹೇಳಿದನು. ೧೯೧೪ರಲ್ಲಿ ಫ್ರಾಂಕ್ ಎವರ್ಟ್ ಮೊದಲಾದವರು ತಿರಿಗಿ ಸ್ನಾನ ಹೊಂದಿದರು. ೧೯೧೬ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಕೂಡಿದ ಅಸೆಂಬ್ಲೀಸ್ ಆಫ್ ಗಾಡ್ ಸಭೆಯು ತ್ರಿಯೇಕ ನಂಬಿಕೆಯನ್ನು ಹಿಡಿದುಕೊಳ್ಳಲು, ಒಪ್ಪದ ಬೋಧಕರು ನೂರೈವತ್ತಕ್ಕಿಂತ ಹೆಚ್ಚು ಮಂದಿ ಹೊರಟುಹೋದರು. ಪೆಂತೆಕೊಸ್ತರೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಾರದೆಂಬದು ಇದರಿಂದ ತಿಳಿದುಬರುತ್ತದೆ; ಅವರಲ್ಲಿ ಬಹುಪಾಲು ನಮ್ಮಂತೆಯೇ ನಂಬುವವರು.

ಯೇಸುನಾಮದ ಸಹೋದರರು ದೇವರ ಏಕತ್ವಕ್ಕಾಗಿ ಆಸಕ್ತರು. ಕ್ರಿಸ್ತನಲ್ಲಿ ದೈವತ್ವವು ಸಂಪೂರ್ಣವಾಗಿ ನೆಲೆಗೊಂಡಿದೆ ಎಂಬ ಮಾತನ್ನು (ಕೊಲೊಸ್ಸೆ ೨:೯) ಗಟ್ಟಿಯಾಗಿ ಹಿಡಿದವರು. ಅದು ಒಳ್ಳೇದು. ಆದರೆ ನಾವು ಅವರನ್ನು ಕೇಳುವದೇನಂದರೆ: ಗೆತ್ಸೇಮನೆಯಲ್ಲಿ ಯೇಸುವು ಯಾರಿಗೆ ಪ್ರಾರ್ಥಿಸಿದನು? ಆತನ ಮನುಷ್ಯತ್ವವು ದೈವತ್ವಕ್ಕೆ ಪ್ರಾರ್ಥಿಸಿತೆಂದು ಅವರು ಉತ್ತರ ಕೊಡುತ್ತಾರೆ. ಹಾಗಾದರೆ ಯೋಹಾನ ೧೭:೨೪ನ್ನು ತೆರೆದು ನೋಡೋಣ. ಲೋಕಕ್ಕೆ ಅಸ್ತಿವಾರ ಹಾಕುವದಕ್ಕಿಂತ ಮುಂಚೆಯೇ ತಂದೆಯು ತನ್ನನ್ನು ಪ್ರೀತಿಸಿದನೆಂದು ಕರ್ತನು ಅಲ್ಲಿ ಹೇಳುತ್ತಾನೆ. ಆಗ ಶರೀರವಿರಲಿಲ್ಲ, ಬೇತ್ಲೆಹೇಮಿರಲಿಲ್ಲ. ಪ್ರೀತಿಸಿದವನೂ ಪ್ರೀತಿಸಲ್ಪಟ್ಟವನೂ ಇದ್ದರು. ದೇವರು ಪ್ರೀತಿಯಾಗಿದ್ದಾನೆ ಎಂಬದಕ್ಕೆ ಇದೇ ಬೇರು. ವೇಷಗಾರನು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡದ್ದು ಪ್ರೀತಿಯಲ್ಲ.

ಮತ್ತೊಂದು ಮಗ್ಗುಲಿನ ಹಳ್ಳವನ್ನು ತೋಡಿದವನು ಅಲೆಕ್ಸಾಂದ್ರಿಯದ ಸಭಾಹಿರಿಯನಾದ ಅರಿಯನು. ಮಗನು ಎಲ್ಲಾ ಸೃಷ್ಟಿಗಿಂತ ಶ್ರೇಷ್ಠನು, ಆದರೂ ಸೃಷ್ಟಿಸಲ್ಪಟ್ಟವನೇ ಎಂದು ಅವನು ಬೋಧಿಸಿದನು. ಕ್ರಿ.ಶ. ೩೨೫ರಲ್ಲಿ ನಿಕೇಯ ಪಟ್ಟಣದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಕರೆದ ಸಭಾಧ್ಯಕ್ಷರ ಸಂಘವು, ಮಗನು ತಂದೆಯೊಂದಿಗೆ ಏಕಸಾರವುಳ್ಳವನೆಂದು ಅರಿಕೆಮಾಡಿತು. ಆ ಸಂಘವು ಕೂಡಿ ೨೦೨೫ಕ್ಕೆ ೧೭೦೦ ವರುಷಗಳಾದವು. ಅಲ್ಲಿ ಸಭಾಸೇವಕನಾಗಿ ಬಂದಿದ್ದ ಅಥನಾಸಿಯನು ಮುಂದೆ ಸಭಾಧ್ಯಕ್ಷನಾಗಿ ಈ ನಂಬಿಕೆಯ ನಿಮಿತ್ತ ಐದು ಸಾರಿ ದೇಶಭ್ರಷ್ಟನಾದನು. ೩೮೧ರಲ್ಲಿ ಕಾನ್‌ಸ್ಟಂಟಿನೋಪಲಿನಲ್ಲಿ ಕೂಡಿದ ಸಂಘವು ಪವಿತ್ರಾತ್ಮನ ವಿಷಯದಲ್ಲಿಯೂ ಅರಿಕೆಯನ್ನು ಪೂರ್ತಿಮಾಡಿತು.

ಮನೆಮನೆಗೆ ಬರುವ ಯೆಹೋವನ ಸಾಕ್ಷಿಗಳ ಬೋಧನೆಯು ಅರಿಯನ ಬೋಧನೆಗೆ ಹತ್ತಿರವಾದದ್ದು. ಅವರಿಗೆ ಹೀಗೆ ಉತ್ತರ ಹೇಳಬಹುದು. ಕೊರ್ನೇಲ್ಯನು ಪಾದಕ್ಕೆ ಬಿದ್ದಾಗ ಪೇತ್ರನು ಎತ್ತಿ, ತಾನೂ ಮನುಷ್ಯನೇ ಎಂದನು (ಅ.ಕೃ. ೧೦:೨೬). ಲುಸ್ತ್ರದಲ್ಲಿ ಪೌಲ ಬಾರ್ನಬರು ಪೂಜೆಯನ್ನು ತಡೆದು ಬಟ್ಟೆ ಹರಿದುಕೊಂಡರು (೧೪:೧೪). ದೇವದೂತನೂ ಯೋಹಾನನಿಂದ ನಮಸ್ಕಾರವನ್ನು ಒಪ್ಪಲಿಲ್ಲ (ಪ್ರಕಟನೆ ೨೨:೮-೯). ಆದರೆ ತೋಮನು ತನ್ನ ಕರ್ತನೆಂದೂ ತನ್ನ ದೇವರೆಂದೂ ಕರೆದಾಗ ಯೇಸುವು ಬೇಡವೆನ್ನಲಿಲ್ಲ (ಯೋಹಾನ ೨೦:೨೮). ಇದಲ್ಲದೆ, ಈಜು ಬಾರದವನು ಮುಳುಗುವವನನ್ನು ದಡ ಸೇರಿಸಲಾರನು. ಸೃಷ್ಟಿಯಾದವನೊಬ್ಬನು ನಮಗೆ ದೇವರ ಸುದ್ದಿಯನ್ನು ತರಬಹುದು, ದೇವರನ್ನೇ ತರಲಾರನು. ಅಥನಾಸಿಯನು ದೇಶ ಬಿಟ್ಟು ಓಡಾಡಿದ್ದು ಒಂದು ಪದಕ್ಕಾಗಿ ಅಲ್ಲ, ಇದಕ್ಕಾಗಿಯೇ.

೪. ನಮ್ಮ ದೇಶದಲ್ಲಿ ನಡೆದ ವಾದ

ಈ ವಾದವು ನಮ್ಮ ದೇಶಕ್ಕೂ ಹೊಸದಲ್ಲ. ಮದರಾಸಿನಲ್ಲಿ ವಿಲಿಯಂ ರಾಬರ್ಟ್ಸ್ ಎಂಬ ತಮಿಳನು ತ್ರಿಯೇಕತ್ವವನ್ನು ಒಪ್ಪದ ಕ್ರೈಸ್ತರಿಗಾಗಿ ೧೮೧೩ರಲ್ಲಿ ದೇವಾಲಯವೊಂದನ್ನು ಕಟ್ಟಿಸಿದನು. ೧೮೨೦ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ನೀತಿವಾಕ್ಯಗಳನ್ನು ಮಾತ್ರ ಆರಿಸಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಲು, ಶ್ರೀರಾಂಪುರದ ಮಿಷನರಿ ಮಾರ್ಷ್‌ಮನ್ನನು ಎದುರು ಬರೆದನು. ಮೂರು ನಾಲ್ಕು ವರುಷ ಉತ್ತರ ಪ್ರತ್ಯುತ್ತರಗಳು ನಡೆದವು. ಅವರ ಸಂಗಡ ಸುವಾರ್ತೆಯನ್ನು ಬಂಗಾಳಿಗೆ ಭಾಷಾಂತರಿಸುತ್ತಿದ್ದ ವಿಲಿಯಂ ಆಡಮ್ ಎಂಬ ಮಿಷನರಿಯು, ಯೋಹಾನ ೧:೩ರಲ್ಲಿ ಸಮಸ್ತವೂ ಆತನಿಂದ ಆಯಿತೋ ಆತನ ಮೂಲಕ ಆಯಿತೋ ಎಂಬ ಒಂದು ವಿಭಕ್ತಿಯ ಚರ್ಚೆಯಿಂದ ಆರಂಭಿಸಿ ೧೮೨೧ರಲ್ಲಿ ತ್ರಿಯೇಕ ನಂಬಿಕೆಯನ್ನೇ ಬಿಟ್ಟನು. ನಮ್ಮ ಕನ್ನಡ ನಾಡಿನಲ್ಲಿಯೂ, ೧೮೩೪ರಿಂದ ಬಾಸೆಲ್ ಮಿಷನ್ನಿನವರು ಬೋಧಿಸುತ್ತಿದ್ದ ಮಂಗಳೂರಿನಲ್ಲಿ, ಏಕದೇವರನ್ನು ಆರಾಧಿಸುವ ಬ್ರಹ್ಮಸಮಾಜವು ೧೮೭೦ರಲ್ಲಿ ಸ್ಥಾಪಿತವಾಯಿತು. ಅದೇ ಸಮಾಜದ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ತುಳಿಯಲ್ಪಟ್ಟ ಜನರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದರು.

ಇದರಿಂದ ಎರಡು ಸಂಗತಿಗಳನ್ನು ಕಲಿಯೋಣ. ನಮ್ಮ ಅರಿಕೆಯನ್ನು ಒಪ್ಪದವರಲ್ಲಿ ನಮಗಿಂತ ಹೆಚ್ಚಾಗಿ ಬಡವರನ್ನು ಪ್ರೀತಿಸಿದವರಿದ್ದರು, ಅವರನ್ನು ಗೌರವಿಸತಕ್ಕದ್ದು. ಆದರೂ ಯೇಸುವಿನ ನೀತಿಯನ್ನು ಇಟ್ಟುಕೊಂಡು ಯೇಸುವನ್ನು ಬಿಟ್ಟರೆ, ನಮ್ಮ ಕೈಯಲ್ಲಿ ಉಳಿಯುವದು ಇನ್ನೊಂದು ಆಜ್ಞೆಗಳ ಪಟ್ಟಿ. ಕೇರಿಯ ಅಂಚಿನಲ್ಲಿ ನಿಲ್ಲಿಸಲ್ಪಟ್ಟಿದ್ದ ನಮ್ಮ ಹಿರಿಯರನ್ನು ಸೆಳೆದದ್ದು ಆ ಪಟ್ಟಿಯಲ್ಲ. ದೇವರು ತಾನೇ ಅವರ ಕೇರಿಗೆ ಬಂದನೆಂಬ ಸುವಾರ್ತೆಯೇ ಅವರನ್ನು ಸೆಳೆಯಿತು. ಬಂದವನು ದೇವರಲ್ಲವಾದರೆ ಆ ಸುವಾರ್ತೆಯು ಇಲ್ಲ.

೫. ಸ್ನಾನದ ಪ್ರಶ್ನೆ

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇವೆ. ಮತ್ತಾಯನಲ್ಲಿ ಕರ್ತನು ತಂದೆ, ಮಗ, ಪವಿತ್ರಾತ್ಮ ಎಂದು ಹೇಳಿ ಸ್ನಾನ ಮಾಡಿಸಲು ಅಪ್ಪಣೆ ಕೊಟ್ಟನು. ಅಲ್ಲಿ ನಾಮಗಳು ಎಂದಿಲ್ಲ, ನಾಮ ಎಂದು ಏಕವಚನವಿದೆ. ಅಪೊಸ್ತಲರ ಕೃತ್ಯಗಳಲ್ಲಿಯಾದರೋ ಯೇಸುವಿನ ಹೆಸರಿನಲ್ಲಿ ಸ್ನಾನವಾಯಿತೆಂದಿದೆ. ಹಾಗಾದರೆ ಅಪೊಸ್ತಲರು ಆಜ್ಞೆಯನ್ನು ಮೀರಿದರೋ?

ಮೊದಲನೆಯದಾಗಿ, ಹೆಸರಿನಲ್ಲಿ ಎಂಬದು ಉಚ್ಚರಿಸುವ ಮಂತ್ರವಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಅಮಲ್ದಾರನು ಮಹಾರಾಜರ ಹೆಸರಿನಲ್ಲಿ ಅಪ್ಪಣೆ ಕೊಡುತ್ತಿದ್ದನು ಎಂದರೆ ಅವರ ಅಧಿಕಾರದಿಂದ ಕೊಡುತ್ತಿದ್ದನು ಎಂದರ್ಥ. ಕೃತ್ಯಗಳ ಪುಸ್ತಕದಲ್ಲಿಯೇ ೨:೩೮, ೮:೧೬, ೧೦:೪೮ ಈ ಮೂರು ಕಡೆ ಗ್ರೀಕಿನಲ್ಲಿ ಮೂರು ಬೇರೆ ಬೇರೆ ಸಂಬಂಧಸೂಚಕ ಪದಗಳಿವೆ. ಒಂದೇ ಮಾತನ್ನು ತಪ್ಪದೆ ಹೇಳಬೇಕೆಂಬ ನಿಯಮವಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಎರಡನೆಯದಾಗಿ, ಎಫೆಸದಲ್ಲಿ ಕೆಲವು ಶಿಷ್ಯರು ಪವಿತ್ರಾತ್ಮನ ಸುದ್ದಿಯನ್ನೇ ಕೇಳಲಿಲ್ಲವೆನ್ನಲು, ಪೌಲನು ಕೂಡಲೆ, ಹಾಗಾದರೆ ನಿಮಗೆ ಎಂಥ ಸ್ನಾನವಾಯಿತು ಎಂದು ಕೇಳಿದನು (೧೯:೨-೩). ಕ್ರೈಸ್ತ ಸ್ನಾನ ಹೊಂದಿದವನು ಆತ್ಮನ ಸುದ್ದಿಯನ್ನು ಕೇಳದೆ ಇರಲಾರನೆಂದು ಅವನು ಎಣಿಸಿದ್ದನೆಂಬದು ಇದರಿಂದ ತೋರುತ್ತದೆ.

ಮೂರನೆಯದಾಗಿ, ದಿದಾಖೆ ಎಂಬ ಒಂದು ಚಿಕ್ಕ ಉಪದೇಶಗ್ರಂಥವು ಸುಮಾರು ಒಂದನೆಯ ಶತಮಾನದ ಕೊನೆಯಿಂದ ಎರಡನೆಯದರ ಆರಂಭದೊಳಗೆ ಹುಟ್ಟಿದ್ದು. ಬಹುಕಾಲ ಕಾಣದೆ ಹೋಗಿದ್ದ ಅದರ ಹಸ್ತಪ್ರತಿಯು ೧೮೭೩ರಲ್ಲಿ ಕಾನ್‌ಸ್ಟಂಟಿನೋಪಲಿನಲ್ಲಿ ಸಿಕ್ಕಿ ೧೮೮೩ರಲ್ಲಿ ಅಚ್ಚಾಯಿತು. ಅದರ ೭ನೆಯ ಅಧ್ಯಾಯವು ತಂದೆ, ಮಗ, ಪವಿತ್ರಾತ್ಮ ಎಂದು ಹೇಳಿ ಸ್ನಾನ ಕೊಡುವ ಕ್ರಮವನ್ನು ತಿಳಿಸುತ್ತದೆ. ಅದರ ೯ನೆಯ ಅಧ್ಯಾಯವು ಅದೇ ಜನರನ್ನು ಕರ್ತನ ಹೆಸರಿನಲ್ಲಿ ಸ್ನಾನ ಹೊಂದಿದವರು ಎಂದು ಕರೆಯುತ್ತದೆ. ನೋಡಿರಿ! ಒಂದೇ ಪುಸ್ತಕದಲ್ಲಿ ಒಂದೇ ಸ್ನಾನಕ್ಕೆ ಎರಡೂ ಮಾತುಗಳು. ಆ ಕಾಲದವರಿಗೆ ಇವುಗಳಲ್ಲಿ ವಿರೋಧವು ಕಾಣಲಿಲ್ಲ. ಹರಿಯುವ ನೀರು ಸಿಕ್ಕದಿದ್ದರೆ ಬೇರೆ ನೀರಿನಲ್ಲಿ, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರಾವರ್ತಿ ನೀರು ಹೊಯ್ಯಬಹುದೆಂದೂ ಅಲ್ಲಿದೆ.

ಆದಕಾರಣ, ತಾಯಿಯೇ, ನಿನ್ನ ಅತ್ತೆಯ ಸ್ನಾನವು ಸುಳ್ಳಲ್ಲ. ಆಕೆ ಯೇಸುವನ್ನು ಕರ್ತನೆಂದು ಒಪ್ಪಿ, ಯೇಸುವೇ ಹೇಳಿಕೊಟ್ಟ ನಾಮದಲ್ಲಿ, ಯೇಸುವಿನ ಅಪ್ಪಣೆಯಿಂದ ಸ್ನಾನ ಹೊಂದಿದಳು. ಅದು ಯೇಸುವಿನ ಹೆಸರಿನ ಸ್ನಾನವಲ್ಲದೆ ಮತ್ತೇನು? ಬಾವಿಯ ನೀರನ್ನು ತಡೆದವರು ಆ ನೀರನ್ನು ಆಕೆಯಿಂದ ಕಿತ್ತುಕೊಳ್ಳಲಾರದೆ ಹೋದರು. ಈಗ ಯಾರೂ ಕಿತ್ತುಕೊಳ್ಳಲಾರರು.

೬. ಉಪಮಾನಗಳ ವಿಷಯ

ಮಕ್ಕಳಿಗೆ ಕಲಿಸುವಾಗ ಉಪಮಾನ ಬೇಕೆನ್ನುತ್ತೀರಿ. ನೀರು, ಮಂಜುಗಡ್ಡೆ, ಹಬೆ ಎಂಬದನ್ನೂ, ಒಬ್ಬನೇ ಮನುಷ್ಯನು ತಂದೆಗೆ ಮಗನೂ ಮಗನಿಗೆ ತಂದೆಯೂ ಹೆಂಡತಿಗೆ ಗಂಡನೂ ಆಗಿರುವನೆಂಬದನ್ನೂ ನಮ್ಮ ಉಪದೇಶಿಗಳು ಹೇಳುವದುಂಟು. ಅದು ಸಾಬೆಲ್ಯನ ಬೋಧನೆಯೇ ಎಂದು ಅವರಿಗೆ ತಿಳಿಯದು. ಮೂರು ಕಲ್ಲಿನ ಒಲೆ ಎಂದರೆ ಮೂರು ತುಂಡುಗಳಾದವು. ಒಬ್ಬ ಯುವಕನು ನಮಗೆ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಎಂಬ ಒಂದೇ ಬಡಾವಣೆಯಾದಂತೆ ಎಂದನು. ಜಾಣತನವೇ ಸರಿ, ಆದರೆ ಮೂರು ಹಳ್ಳಿಗಳನ್ನು ಜೋಡಿಸಿದರೆ ಬಡಾವಣೆಯಾಗುತ್ತದೆ, ದೇವರಾಗುವದಿಲ್ಲ. ಮಡಿವಾಳವು ಬಡಾವಣೆಯ ಒಂದು ಪಾಲು. ಮಗನು ದೇವರ ಒಂದು ಪಾಲಲ್ಲ, ಪೂರ್ಣ ದೇವರು. ಸೂರ್ಯನೂ ಅದರ ಪ್ರಕಾಶವೂ ಎಂಬ ಪ್ರಾಚೀನ ಉಪಮಾನವು ಸ್ವಲ್ಪ ದೂರ ನಡೆದೀತು, ಅದೂ ಕುಂಟುತ್ತದೆ. ಮಕ್ಕಳಿಗೆ ಉಪಮಾನಕ್ಕಿಂತ ಯೊರ್ದನಿನ ಕಥೆಯನ್ನು ಹೇಳುವದೇ ಉತ್ತಮ.

೭. ಹೇಗೆ ನಡೆದುಕೊಳ್ಳಬೇಕು?

ತಿರಿಗಿ ಸ್ನಾನ ಹೊಂದಿ ಬಂದ ಮಗನನ್ನು ಮನೆಯಿಂದ ಹೊರಗೆ ಹಾಕಬೇಡಿರಿ. ಪಂತಿಯಲ್ಲಿ ಬೇರೆ ಕೂಡ್ರಿಸಬೇಡಿರಿ. ಅವನು ಪಟ್ಟಣದಲ್ಲಿ ಒಂಟಿಯಾಗಿದ್ದಾಗ ಅವನ ಹೆಸರು ಹಿಡಿದು ಕರೆದು ಪ್ರಾರ್ಥಿಸಿದವರು ಯಾರು? ನಾವಲ್ಲ, ಆ ಕೂಟದವರು. ಈ ದೋಷವು ನಮ್ಮದು. ಆದಕಾರಣ ಪ್ರತಿಯೊಂದು ಸಭೆಯವರು ಬೆಂಗಳೂರಿಗೆ ಹೋದ ತಮ್ಮ ಮಕ್ಕಳ ಪಟ್ಟಿಯನ್ನು ಮಾಡಿ, ಅವರಿರುವ ಸ್ಥಳಕ್ಕೆ ಹತ್ತಿರದ ಕನ್ನಡ ಸಭೆಯ ಪಾಲಕರಿಗೆ ತಿಳಿಸಲಿ. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಕೂಡಿಬಂದ ದಕ್ಷಿಣ ಭಾರತ ಸಭೆಯು ಅಪೊಸ್ತಲರ ವಿಶ್ವಾಸಪ್ರಮಾಣವನ್ನೂ ನಿಕೇಯದ ವಿಶ್ವಾಸಪ್ರಮಾಣವನ್ನೂ ಅಂಗೀಕರಿಸಿದೆ; ಅವುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವ ಅಭ್ಯಾಸವು ತಿರಿಗಿ ಬರಲಿ.

ಈ ಪಾಠದಲ್ಲಿ ಎಲ್ಲವೂ ಮರೆತುಹೋದರೂ ಪ್ರಾರ್ಥಿಸುವಾಗ ಇಷ್ಟನ್ನು ನೆನಸಿರಿ. ನಾವು ಮೊಣಕಾಲ್ಮಾಡಿ ತಂದೆಯೇ ಎಂದು ಕರೆಯುತ್ತೇವೆ. ಹಾಗೆ ಕರೆಯುವ ಹಕ್ಕನ್ನು ಕೊಟ್ಟವನು ಮಗನು. ಮಾತು ಬಾರದ ನಾಲಿಗೆಗೆ ಮಾತು ಕೊಡುವವನು ಆತ್ಮನು. ಓದುಬರಹ ಬಾರದ ಆ ಅತ್ತೆಯು ಪ್ರತಿದಿನ ಬೆಳಗ್ಗೆ ಮಾಡಿದ್ದು ಇದನ್ನೇ. ನಿಕೇಯದ ಸಭಾಧ್ಯಕ್ಷರು ಬರೆದಿಟ್ಟದ್ದೂ ಇದನ್ನೇ.

ಮನೆಯಲ್ಲಿಯೂ ಸಭೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

೧. ಕ್ರೈಸ್ತರಿಗೆ ದೇವರು ಮೂವರೆಂದು ಹೇಳುವ ನೆರೆಯವನಿಗೆ ಯಾವ ವೇದವಚನದಿಂದ ಉತ್ತರ ಹೇಳುವಿರಿ?
೨. ತ್ರಿಯೇಕ ದೇವರ ಬೋಧನೆಯು ತ್ರಿಮೂರ್ತಿಗಳ ಬೋಧನೆಯಿಂದ ಹೇಗೆ ಬೇರೆಯಾಗಿದೆ?
೩. ಸಾಬೆಲ್ಯನ ತಪ್ಪು ಯಾವದು? ಅರಿಯನ ತಪ್ಪು ಯಾವದು? ಯೋಹಾನ ೧೭:೨೪ ಮತ್ತು ೨೦:೨೮ ಇವುಗಳಿಗೆ ಹೇಗೆ ಉತ್ತರವಾಗುತ್ತವೆ?
೪. ಮತ್ತಾಯ ೨೮:೧೯ಕ್ಕೂ ಅಪೊಸ್ತಲರ ಕೃತ್ಯಗಳು ೨:೩೮ಕ್ಕೂ ವಿರೋಧವಿಲ್ಲವೆಂದು ಹೇಗೆ ತೋರಿಸುವಿರಿ?
೫. ನಿಮ್ಮ ಸಭೆಯಿಂದ ಪಟ್ಟಣಕ್ಕೆ ಹೋದ ಯೌವನಸ್ಥರು ಎಷ್ಟು ಮಂದಿ? ಈ ವಾರ ಅವರಲ್ಲಿ ಯಾರ ಸಂಗಡ ಮಾತಾಡಿದಿರಿ?